ಮದ್ರಾಸಿನಿಂದ ಮಂಗಳೂರಿಗೆ ಎಷ್ಟು ದೂರ? – ನಾಡಿನ ಅಗಲ ಅಳೆದ ಕರ್ನಲ್ ಲ್ಯಾಂಬ್ಟನ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಯಾರಾದರೂ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಇದೇ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಹಾಗಾಗಿ ಲೆಕ್ಕವನ್ನೇ ಬದುಕು ಮಾಡಿಕೊಂಡ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ವಿಲಿಯಂ ಲ್ಯಾಂಬ್ಟನ್. ಅವರು ನಮ್ಮ ಊರಿನವರಲ್ಲ, ನಮ್ಮ ದೇಶದವರೂ ಅಲ್ಲ. ತೀರಿಕೊಂಡು ಇನ್ನೂರು ವರ್ಷ ದಾಟಿದೆ. ಆದರೂ ಭೂಪಟದಲ್ಲಿ ನಮ್ಮ ಕರಾವಳಿ ಅದರ ಸರಿಯಾದ ಜಾಗದಲ್ಲಿ ಬಂದು ಕುಳಿತುಕೊಂಡಿದ್ದು ಅವರ ಕೆಲಸದಿಂದ.

ನಮ್ಮ ಭಾಗದಲ್ಲಿ ವಿಮಾನದ ಮಾತು ಹೊಸದಲ್ಲ. ಕಾಪು, ಕಟಪಾಡಿ, ಶಿರ್ವ, ಕಾರ್ಕಳದ ಕಡೆ ಒಂದು ಕಾಲದಲ್ಲಿ ಮನೆಗೊಬ್ಬರು ಬೊಂಬಾಯಿಯಲ್ಲಿದ್ದರು. ಆಮೇಲೆ ಮನೆಗೊಬ್ಬರು ಗಲ್ಫ್‌ನಲ್ಲಿದ್ದರು. ಮಣಿಪಾಲದಲ್ಲಿ ಓದಿದವರು ಅಮೆರಿಕಕ್ಕೂ ಹೋದರು. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಬಜಪೆಯಲ್ಲಿ ವಿಮಾನ ಹತ್ತಿದವರೇ. ದುಬೈಗೆ ಎಷ್ಟು ದೂರ, ಎಷ್ಟು ಗಂಟೆ ಎಂದು ಕೇಳಿದರೆ ಇಂದಿನ ಮಕ್ಕಳು ಫೋನ್ ಒತ್ತಿ ಒಂದೇ ಕ್ಷಣದಲ್ಲಿ ಹೇಳುತ್ತಾರೆ. ಹಾಗಿರುವಾಗ ಸೈನ್, ಕೊಸೈನ್ ಯಾಕೆ ಕಲಿಯಬೇಕು ಸರ್ ಎಂಬ ಪ್ರಶ್ನೆಯನ್ನು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಪ್ರತಿ ಜೂನ್ ತಿಂಗಳಲ್ಲೂ ಕೇಳಿದ್ದೇನೆ. ಆ ಪ್ರಶ್ನೆಗೆ ಒಂದು ಜೀವನ ಚರಿತ್ರೆಯೇ ಉತ್ತರವಾಗಬಲ್ಲದು ಎಂದು ನನಗೆ ಅನಿಸಿದೆ.

ಬಡ ಮನೆಯ ಹುಡುಗ

ಲ್ಯಾಂಬ್ಟನ್ ಅವರು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ನಾರ್ತಲರ್ಟನ್ ಎಂಬ ಪೇಟೆಯ ಹತ್ತಿರದ ಹಳ್ಳಿಯಲ್ಲಿ 1753ರ ಸುಮಾರಿಗೆ ಹುಟ್ಟಿದರು. ಮನೆಯಲ್ಲಿ ಅನುಕೂಲ ಕಡಿಮೆ. ಊರಿನವರ ನೆರವಿನಿಂದ ನಾರ್ತಲರ್ಟನ್‌ನ ಶಾಲೆಗೆ ಸೇರಿ ಅಲ್ಲಿ ಗಣಿತದಲ್ಲಿ ಮುಂದೆ ಬಂದರು. ಸರಕಾರಿ ಶಾಲೆಯ ಬೆಂಚಿನಿಂದ ಮೇಲೆ ಬಂದ ನಮ್ಮ ಮಕ್ಕಳಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ.

1781ರಲ್ಲಿ ಅವರು ಸೈನ್ಯ ಸೇರಿದರು. ಅಮೆರಿಕದಲ್ಲಿ ಆಗ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೈನ್ಯ ಶರಣಾದಾಗ ಲ್ಯಾಂಬ್ಟನ್ ಕೂಡ ಸೆರೆಯಾದರು. ಬಿಡುಗಡೆಯಾದ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಗಡಿ ಗುರುತಿಸುವ, ವಲಸೆ ಬಂದವರಿಗೆ ಜಮೀನು ಅಳೆದು ಕೊಡುವ ಕೆಲಸ ಸಿಕ್ಕಿತು. ಅಲ್ಲಿ ಒಂದು ಸೂರ್ಯಗ್ರಹಣವನ್ನು ಕಪ್ಪು ಗಾಜಿಲ್ಲದೆ ದುರ್ಬೀನಿನಲ್ಲಿ ನೋಡಿ ಎಡಗಣ್ಣಿನ ದೃಷ್ಟಿಯನ್ನು ಕಳೆದುಕೊಂಡರು. ಮುಂದೆ ಅವರು ಅಳೆದದ್ದೆಲ್ಲ ಒಂದೇ ಕಣ್ಣಿನಿಂದ. ಕಾಡಿನ ನಡುವೆ ಸೈನಿಕ ವಸತಿಯ ಮೇಲ್ವಿಚಾರಣೆ ಮಾಡಿಕೊಂಡು ಸುಮಾರು 13 ವರ್ಷ ಕಳೆದರು. ಆ ಒಂಟಿತನದಲ್ಲಿ ಅವರ ಜೊತೆಗಿದ್ದದ್ದು ಗಣಿತದ ಪುಸ್ತಕಗಳು. ಭೂಮಿಯ ಆಕಾರವೇನು, ಅದನ್ನು ಅಳೆಯುವುದು ಹೇಗೆ ಎಂದು ಯುರೋಪಿನ ವಿದ್ವಾಂಸರು ಬರೆದುದನ್ನೆಲ್ಲ ಅವರು ಓದಿಕೊಂಡರು.

ತನ್ನ 33ನೇ ರೆಜಿಮೆಂಟನ್ನು ಕೂಡಿಕೊಳ್ಳಲು ಭಾರತಕ್ಕೆ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಆ ರೆಜಿಮೆಂಟಿನ ಮುಖ್ಯಸ್ಥರು ಆರ್ಥರ್ ವೆಲ್ಲೆಸ್ಲಿ. ನೆಪೋಲಿಯನ್ನನನ್ನು ವಾಟರ್ಲೂದಲ್ಲಿ ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದವರು ಇವರೇ. ಮಾತು ಕಡಿಮೆ, ನಾಚಿಕೆ ಹೆಚ್ಚು, ವಯಸ್ಸು ಮೀರಿದ ಈ ಅಧಿಕಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಕ್ಷತ್ರ ನೋಡಿದ ರಾತ್ರಿ

1799ರಲ್ಲಿ ಟಿಪ್ಪು ಸುಲ್ತಾನರ ಮೇಲಿನ ಕೊನೆಯ ಯುದ್ಧಕ್ಕೆ ಲ್ಯಾಂಬ್ಟನ್ ಸೈನ್ಯದ ಜೊತೆ ಶ್ರೀರಂಗಪಟ್ಟಣಕ್ಕೆ ಹೋದರು. ಒಂದು ರಾತ್ರಿ ಜನರಲ್ ಬೇರ್ಡ್ ಅವರ ದಳ ಕತ್ತಲಲ್ಲಿ ನಡೆಯುತ್ತಿತ್ತು. ಉತ್ತರಕ್ಕೆ ಹೋಗುತ್ತಿದ್ದೇವೆ ಎಂದು ಎಲ್ಲರೂ ತಿಳಿದಿದ್ದರು. ಲ್ಯಾಂಬ್ಟನ್ ತಲೆ ಎತ್ತಿ ನಕ್ಷತ್ರಗಳನ್ನು ನೋಡಿ, ದಳ ದಕ್ಷಿಣಕ್ಕೆ, ಅಂದರೆ ನೇರ ಶತ್ರುವಿನ ಪಾಳೆಯದ ಕಡೆಗೆ ನಡೆಯುತ್ತಿದೆ ಎಂದು ತಿಳಿಸಿದರು. ಜನರಲ್ ಮೊದಲು ನಂಬಲಿಲ್ಲ. ದಿಕ್ಸೂಚಿ ತರಿಸಿ ನೋಡಿದಾಗ ನಕ್ಷತ್ರಗಳು ಹೇಳಿದ್ದೇ ಸರಿಯಾಗಿತ್ತು.

ಯುದ್ಧ ಮುಗಿಯಿತು. ಅದೇ ವರ್ಷ ನಮ್ಮ ಕೆನರಾ ಜಿಲ್ಲೆಯೂ ಕಂಪನಿ ಸರಕಾರದ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿ ಕಲೆಕ್ಟರಾಗಿ ಬಂದು ತೆರಿಗೆಯ ಲೆಕ್ಕಕ್ಕೆ ಕುಳಿತರು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ನಕ್ಷೆ ತಯಾರಿಸಲು ಹೊರಟರು. ಫ್ರಾನ್ಸಿಸ್ ಬುಕಾನನ್ ಕಾರ್ಕಳ, ಉಡುಪಿಗಳನ್ನು ಹಾದು ಬೆಳೆ, ಜನ, ವ್ಯಾಪಾರಗಳ ವಿವರ ಬರೆದುಕೊಂಡರು. ಎಲ್ಲರದ್ದೂ ಒಂದೇ ಉದ್ದೇಶ: ಗೆದ್ದ ನಾಡನ್ನು ಆಳುವುದಕ್ಕೆ ಮೊದಲು ಅದನ್ನು ತಿಳಿದುಕೊಳ್ಳುವುದು. ಲ್ಯಾಂಬ್ಟನ್ ಅವರ ಅಳತೆಯೂ ಕಂಪನಿಯ ಸೈನ್ಯಕ್ಕೆ, ಖಜಾನೆಗೆ ಸಹಾಯವಾಗಲಿ ಎಂದೇ ಮಂಜೂರಾಯಿತು. ಇದನ್ನು ನಾವು ಮರೆಯಬಾರದು. ಆದರೆ ಅವರ ಮನಸ್ಸಿನಲ್ಲಿ ಅದಕ್ಕಿಂತ ದೊಡ್ಡದೊಂದು ಆಸೆ ಇತ್ತು. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ತ್ರಿಕೋನಗಳ ಸಾಲು ಎಳೆದು ಪರ್ಯಾಯ ದ್ವೀಪದ ನಿಜವಾದ ಅಗಲವನ್ನು ತಿಳಿಯಬೇಕು. ಅದರ ಮೂಲಕ ಈ ಭೂಗೋಳದ ಆಕಾರವನ್ನೇ ಲೆಕ್ಕ ಹಾಕಬೇಕು. ವೆಲ್ಲೆಸ್ಲಿಯವರ ಶಿಫಾರಸಿನಿಂದ 1800ರಲ್ಲಿ ಅನುಮತಿ ಸಿಕ್ಕಿತು.

ಮದ್ರಾಸಿನ ಹಣಕಾಸು ಸಮಿತಿಯಲ್ಲಿ ಒಬ್ಬರು ಇದನ್ನು ಗೇಲಿ ಮಾಡಿದರು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳ ಮುಖ್ಯಸ್ಥನಿಗೆ ಒಂದು ಮಾತು ಹೇಳಿದರೆ ಸಾಕು, ಅವನೇ ಕರೆದುಕೊಂಡು ಹೋಗುತ್ತಾನೆ, ಅದಕ್ಕೆ ಲ್ಯಾಂಬ್ಟನ್‌ರ ನಕ್ಷೆ ಯಾಕೆ ಎಂಬುದು ಅವರ ವಾದ. ಫೋನ್ ಇದ್ದ ಮೇಲೆ ತ್ರಿಕೋನಮಿತಿ ಯಾಕೆ ಎಂದು ಕೇಳುವ ನಮ್ಮ ಮಕ್ಕಳ ವಾದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಪಲ್ಲಕ್ಕಿಯವನಿಗೆ ದಾರಿ ಗೊತ್ತಿತ್ತು. ಆದರೆ ದಾರಿ ಬೇರೆ, ದೂರ ಬೇರೆ. ಬೆಟ್ಟ ಸುತ್ತಿ, ಹೊಳೆ ಬಳಸಿ ಹೋಗುವ ದಾರಿಯ ಉದ್ದದಿಂದ ಎರಡು ಊರುಗಳ ನಡುವಿನ ನೇರ ದೂರ ಸಿಗುವುದಿಲ್ಲ. ಹಕ್ಕಿಯಂತೆ ಹಾರುವ ವಿಮಾನಕ್ಕೆ ಬೇಕಾದದ್ದು ಆ ನೇರ ದೂರ.

ಒಂದು ಗೆರೆ, ಎರಡು ಕೋನ

ಹತ್ತಿ ಇಳಿಯದೆ, ನಡೆದು ಹೋಗದೆ ದೂರ ಅಳೆಯುವುದು ಹೇಗೆ? ನಮ್ಮ ಊರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಾಪು ದೀಪಸ್ತಂಭ, ಮಣಿಪಾಲದ ಗುಡ್ಡ, ಕಾರ್ಕಳದ ಗೊಮ್ಮಟ ಬೆಟ್ಟ – ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನ. ಕಾಪುವಿನಿಂದ ಮಣಿಪಾಲಕ್ಕೆ ನೇರ ದೂರ ಸುಮಾರು 15 ಕಿ.ಮೀ. ಇದೊಂದನ್ನು ನಿಖರವಾಗಿ ಅಳೆದಿದ್ದೇವೆ ಎಂದುಕೊಳ್ಳಿ. ಕಾಪುವಿನಲ್ಲಿ ನಿಂತು ಮಣಿಪಾಲಕ್ಕೂ ಕಾರ್ಕಳಕ್ಕೂ ನಡುವಿನ ಕೋನ ನೋಡಿದರೆ ಸುಮಾರು 72 ಡಿಗ್ರಿ. ಮಣಿಪಾಲದಲ್ಲಿ ನಿಂತು ಕಾಪು ಮತ್ತು ಕಾರ್ಕಳದ ನಡುವಿನ ಕೋನ ನೋಡಿದರೆ ಸುಮಾರು 75 ಡಿಗ್ರಿ. ಉಳಿದ ಕೋನ ತಾನಾಗಿ ಸಿಗುತ್ತದೆ. ಪಿಯುಸಿಯಲ್ಲಿ ಕಲಿಯುವ ಸೈನ್ ನಿಯಮ ಹಾಕಿದರೆ ಕಾರ್ಕಳ ಎರಡೂ ಕಡೆಯಿಂದ ಸುಮಾರು 27 ಕಿ.ಮೀ. ದೂರದಲ್ಲಿದೆ ಎಂದು ಕುಳಿತಲ್ಲೇ ಗೊತ್ತಾಗುತ್ತದೆ. ಕಾರ್ಕಳಕ್ಕೆ ಸರಪಳಿ ಎಳೆದುಕೊಂಡು ಹೋಗುವ ಅಗತ್ಯವೇ ಇಲ್ಲ. ಈಗ ಮಣಿಪಾಲ–ಕಾರ್ಕಳ ಗೆರೆಯನ್ನು ಆಧಾರ ಮಾಡಿಕೊಂಡು ಘಟ್ಟದ ಮೇಲಿನ ಇನ್ನೊಂದು ಶಿಖರಕ್ಕೆ ತ್ರಿಕೋನ ಕಟ್ಟಬಹುದು. ಹೀಗೆ ಒಂದಕ್ಕೊಂದು ತಾಗಿಸಿ ಇಡೀ ನಾಡನ್ನು ದಾಟಬಹುದು.

ಲ್ಯಾಂಬ್ಟನ್ ಮಾಡಿದ್ದು ಇದನ್ನೇ. ಹೇಳಲು ಸುಲಭ. ಕಷ್ಟ ಇರುವುದು ಮೊದಲ ಗೆರೆಯಲ್ಲಿ. ಆ ಗೆರೆಯಲ್ಲಿ ತಪ್ಪಿದರೆ ಮುಂದಿನ ನೂರು ತ್ರಿಕೋನಗಳೂ ತಪ್ಪು.

ಅವರ ಸಲಕರಣೆಗಳ ಕಥೆಯೇ ಒಂದು ಪ್ರವಾಸ ಕಥನ. ಅಳತೆಯ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು ಕಲ್ಕತ್ತಕ್ಕೆ ಬಂದು ಬಿದ್ದಿತ್ತು. ಕೋನ ಅಳೆಯುವ ದೊಡ್ಡ ಥಿಯೊಡೊಲೈಟನ್ನು ಲಂಡನ್ನಿನ ಕ್ಯಾರಿ ಎಂಬವರು ತಯಾರಿಸಿದ್ದರು. ತೂಕ ಅರ್ಧ ಟನ್. ಅದು ಬರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಪೆಟ್ಟಿಗೆ ಬಿಚ್ಚಿದಾಗ ಅದು ಯುದ್ಧದ ಸಾಮಾನಲ್ಲ, ವಿಜ್ಞಾನದ ಸಾಮಾನು ಎಂದು ತಿಳಿದು ಅಲ್ಲಿನ ಫ್ರೆಂಚ್ ಗವರ್ನರ್ ಅದನ್ನು ಗೌರವದಿಂದ ಮದ್ರಾಸಿಗೆ ಕಳುಹಿಸಿಕೊಟ್ಟರು. ಎರಡು ದೇಶಗಳು ಪರಸ್ಪರ ಯುದ್ಧದಲ್ಲಿದ್ದ ಕಾಲ ಅದು.

ಬೆಂಗಳೂರಿನ ಬಳಿ 1800ರಲ್ಲಿ ಒಂದು ಆಧಾರ ರೇಖೆಯನ್ನು ಅಳೆದು ನೋಡಿದ್ದರೂ, ಮುಖ್ಯ ಕೆಲಸ ಶುರುವಾದದ್ದು 1802ರ ಏಪ್ರಿಲ್ 10ರಂದು, ಮದ್ರಾಸಿನ ಪರಂಗಿಮಲೆಯ ಬಯಲಿನಲ್ಲಿ. ಏಳೂವರೆ ಮೈಲಿಯ ನೇರ ಗೆರೆ. ಸರಪಳಿಯ ಉದ್ದ 100 ಅಡಿ. ನೆಲದ ಏರುತಗ್ಗು ತಾಗದಂತೆ ಸರಪಳಿಯನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ತೊಟ್ಟಿಗಳನ್ನು ಮುಕ್ಕಾಲುಗಳ ಮೇಲೆ ಇಟ್ಟು, ಬಿಸಿಲು ಬೀಳದಂತೆ ನೆರಳು ಮಾಡಿ, ಪ್ರತಿ ಸಲವೂ ಉಷ್ಣಮಾಪಕ ನೋಡಿ ಬರೆದುಕೊಳ್ಳಬೇಕು. ಹೀಗೆ 400 ಸಲ. ಉಷ್ಣತೆ ಯಾಕೆ? ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ನೂರಡಿ ಉಕ್ಕಿನ ಸರಪಳಿ ಸುಮಾರು ಮೂರನೇ ಒಂದು ಮಿಲಿಮೀಟರ್ ಹಿಗ್ಗುತ್ತದೆ. ಒಂದು ಕೂದಲಿನ ದಪ್ಪವನ್ನು ಕೆಲವು ಸಲ ಜೋಡಿಸಿದಷ್ಟು. ಆದರೆ 400 ಸಲ ಕೂಡಿಸಿದರೆ ಗೇಣಿನ ಹತ್ತಿರ ಬರುತ್ತದೆ. ಮದ್ರಾಸಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಈ ಏಳೂವರೆ ಮೈಲಿಗೆ 57 ದಿನ ಹಿಡಿಯಿತು.

ಮಂಗಳೂರಿನ ಕಡೆಗೆ

ಅಲ್ಲಿಂದ ತ್ರಿಕೋನಗಳು ಪಶ್ಚಿಮಕ್ಕೆ ಹೊರಟವು. ಜಾನ್ ವಾರನ್ ಮತ್ತು ಹೆನ್ರಿ ಕೇಟರ್ ಎಂಬ ಇಬ್ಬರು ಸಹಾಯಕರು ಜೊತೆಗಿದ್ದರು. ಕೋಲಾರದಲ್ಲಿ ಚಿನ್ನವಿದೆ ಎಂದು ಸರಕಾರಕ್ಕೆ ವರದಿ ಕೊಟ್ಟ ವಾರನ್ ಇವರೇ. 1804ರಲ್ಲಿ ಬೆಂಗಳೂರು ತಲುಪಿದಾಗ ಲ್ಯಾಂಬ್ಟನ್ ಅಲ್ಲಿ ಮತ್ತೊಂದು ಆಧಾರ ರೇಖೆಯನ್ನು ಸರಪಳಿ ಹಾಕಿಯೇ ಅಳೆಯಿಸಿದರು. ಅದರ ಉದ್ದವನ್ನು ಮದ್ರಾಸಿನಿಂದ ಬಂದ ತ್ರಿಕೋನಗಳ ಲೆಕ್ಕದಿಂದ ಮೊದಲೇ ತೆಗೆದಾಗಿತ್ತು. ಮತ್ತೆ ಅಳೆಯುವುದು ಯಾಕೆ? ಲೆಕ್ಕ ಸರಿಯೋ ಎಂದು ನೋಡುವುದಕ್ಕೆ. ಏಳು ಮೈಲಿಗೂ ಮಿಕ್ಕಿದ ಆ ಗೆರೆಯಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ.

ನಾನು ಈ ಭಾಗವನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಉತ್ತರ ಬರೆದಾದ ಮೇಲೆ ತಾಳೆ ನೋಡಿ ಎಂದು ಹೇಳುವುದು ನಮ್ಮ ಕಸುಬಿನ ಹಳೆಯ ಮಾತು. ಮಕ್ಕಳಿಗೆ ಅದು ಬೇಸರದ ಕೆಲಸ. ಲ್ಯಾಂಬ್ಟನ್ ಅವರು ತಮ್ಮ ಉತ್ತರವನ್ನು ತಾಳೆ ನೋಡಲು ವಾರಗಟ್ಟಲೆ ಬಯಲಿನಲ್ಲಿ ಸರಪಳಿ ಹಾಕಿಸಿದರು ಎಂದರೆ ಕೊನೆಯ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಬೆಂಗಳೂರಿನಿಂದ ಮುಂದೆ ಮೈಸೂರು ಸೀಮೆಯ ಬೆಟ್ಟಗಳು, ಆಮೇಲೆ ಘಟ್ಟ. ಮಳೆ, ಮಂಜು, ಜಿಗಣೆ, ಚಳಿಜ್ವರಗಳ ಕಾಡು. ಸರ್ವೆಯವರಿಗೆ ಬೆಟ್ಟದ ತುದಿಯೇ ಬೇಕು. ಭೂಮಿ ಬಾಗಿರುವುದರಿಂದ ಎತ್ತರ ಹತ್ತಿದಷ್ಟೂ ದೂರ ಕಾಣುತ್ತದೆ. ಕಣ್ಣು ಸಮುದ್ರಮಟ್ಟದಿಂದ 36 ಮೀಟರ್ ಮೇಲಿದ್ದರೆ ಕಡಲಿನ ಅಂಚು ಸುಮಾರು 21 ಕಿ.ಮೀ. ದೂರದವರೆಗೆ ಕಾಣಿಸುತ್ತದೆ. ಕಾಪು ದೀಪಸ್ತಂಭದ ಮೇಲೆ ಹತ್ತಿದವರಿಗೆ ಇದು ಗೊತ್ತು. ಕುದುರೆಮುಖದ 1,894 ಮೀಟರ್ ಎತ್ತರಕ್ಕೆ ಹೋದರೆ, ಆಕಾಶ ಶುಭ್ರವಾಗಿದ್ದರೆ, ಅದೇ ಲೆಕ್ಕದಲ್ಲಿ ದಿಗಂತ ಸುಮಾರು 155 ಕಿ.ಮೀ. ಘಟ್ಟದ ತುದಿಗಳಿಂದ ನೋಡಿದರೆ ನಮ್ಮ ಕರಾವಳಿ ಒಂದು ನಕ್ಷೆಯಂತೆ ಕೆಳಗೆ ಹರಡಿರುತ್ತದೆ. ಹೀಗೆ ತ್ರಿಕೋನಗಳ ಸಾಲು ಘಟ್ಟ ಇಳಿದು ಮಂಗಳೂರಿನ ಕಡಲನ್ನು ಮುಟ್ಟಿತು. ಮದ್ರಾಸಿನ ಸಂತ ಜಾರ್ಜ್ ಕೋಟೆಯನ್ನು ಮಂಗಳೂರಿಗೆ ಜೋಡಿಸಿದ ಈ ಕೆಲಸದ ವಿವರವನ್ನು ಲ್ಯಾಂಬ್ಟನ್ ಅವರು ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಪ್ರಕಟಿಸಿದರು.

ಉತ್ತರ ಎಲ್ಲರನ್ನೂ ಬೆರಗುಗೊಳಿಸಿತು. ಹಳೆಯ ಭೂಪಟಗಳ ಪ್ರಕಾರ ಈ ಅಕ್ಷಾಂಶದಲ್ಲಿ ಪರ್ಯಾಯ ದ್ವೀಪದ ಅಗಲ 400 ಮೈಲಿ. ಲ್ಯಾಂಬ್ಟನ್ ಅವರ ಅಳತೆಯಲ್ಲಿ ಅದು ಸುಮಾರು 360 ಮೈಲಿ. ಅಂದರೆ 40 ಮೈಲಿ, ಸುಮಾರು 64 ಕಿ.ಮೀ. ನೆಲ ಕಾಗದದ ಮೇಲೆ ಮಾತ್ರ ಇತ್ತು. ಉಡುಪಿಯಿಂದ ಮಂಗಳೂರಿಗೆ ಹೋಗುವಷ್ಟು ದೂರದ ನೆಲ! ಮದ್ರಾಸನ್ನು ಅದರ ಜಾಗದಲ್ಲಿ ಹಿಡಿದಿಟ್ಟು ಹಳೆಯ ಅಗಲದಂತೆ ಪಶ್ಚಿಮಕ್ಕೆ ಅಳೆಯುತ್ತ ಬಂದರೆ, ಕಾಪುವಿನ ಕಡಲತೀರ ಅರಬ್ಬೀ ಸಮುದ್ರದ ಒಳಗೆ 64 ಕಿ.ಮೀ. ದೂರದಲ್ಲಿ ಇರಬೇಕಾಗಿತ್ತು.

ವಿಮಾನದ ಲೆಕ್ಕದಲ್ಲಿ ತಾಳೆ

ಈ 360 ಮೈಲಿ ಸರಿಯೋ ಎಂದು ನಾವೂ ತಾಳೆ ನೋಡಬಹುದು. ಇಂದು ಚೆನ್ನೈ ವಿಮಾನ ನಿಲ್ದಾಣ ಇರುವುದು ಲ್ಯಾಂಬ್ಟನ್ ಸರಪಳಿ ಹಾಕಲು ಶುರುಮಾಡಿದ ಪರಂಗಿಮಲೆಯ ಪಕ್ಕದಲ್ಲೇ. ಮಂಗಳೂರು ನಿಲ್ದಾಣ ಬಜಪೆಯಲ್ಲಿ. ಎರಡೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಚೆನ್ನೈ ನಿಲ್ದಾಣದ ರೇಖಾಂಶ 80.2 ಡಿಗ್ರಿ, ಬಜಪೆಯದು 74.9 ಡಿಗ್ರಿ. ವ್ಯತ್ಯಾಸ 5.3 ಡಿಗ್ರಿ. ಭೂಮಧ್ಯ ರೇಖೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 111.3 ಕಿ.ಮೀ. ಉತ್ತರಕ್ಕೆ ಬಂದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಅದನ್ನು 13 ಡಿಗ್ರಿಯ ಕೊಸೈನ್‌ನಿಂದ, ಅಂದರೆ 0.974ರಿಂದ ಗುಣಿಸಬೇಕು. ಸಿಗುವುದು 108.4 ಕಿ.ಮೀ. ಅದನ್ನು 5.3ರಿಂದ ಗುಣಿಸಿದರೆ ಸುಮಾರು 575 ಕಿ.ಮೀ. ಲ್ಯಾಂಬ್ಟನ್ ಅವರ 360 ಮೈಲಿ ಎಂದರೆ 579 ಕಿ.ಮೀ. ಹಳೆಯ ಭೂಪಟದ 400 ಮೈಲಿ ಎಂದರೆ 644 ಕಿ.ಮೀ. ಯಾರ ಮಾತು ಸರಿ ಎಂದು ಏಳನೆಯ ತರಗತಿಯ ಮಕ್ಕಳೂ ಹೇಳಬಹುದು. ರಸ್ತೆಯಲ್ಲಿ ಬೆಂಗಳೂರಿನ ಮೇಲೆ ಹೋದರೆ ಇದೇ ದೂರ 700 ಕಿ.ಮೀ. ಹತ್ತಿರ ಬರುತ್ತದೆ. ಪಲ್ಲಕ್ಕಿಯವನ ದಾರಿಗೂ ಲ್ಯಾಂಬ್ಟನ್ ಅವರ ದೂರಕ್ಕೂ ಇರುವ ವ್ಯತ್ಯಾಸ ಇದು.

ಊರುಗಳು ಒಂದೇ ಅಕ್ಷಾಂಶದಲ್ಲಿ ಇಲ್ಲದಿದ್ದರೆ ಇನ್ನೂ ಸ್ವಲ್ಪ ಲೆಕ್ಕ ಬೇಕು. ಗೋಳದ ಮೇಲಿನ ಅತಿ ಹತ್ತಿರದ ದಾರಿಗೆ ಮಹಾವೃತ್ತ ಎಂದು ಹೆಸರು. ಶಾಲೆಯ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ನೂಲನ್ನು ಬಿಗಿಯಾಗಿ ಎಳೆದರೆ ಅದು ತಾನಾಗಿ ಈ ದಾರಿಯಲ್ಲಿ ಕೂರುತ್ತದೆ. ಬಜಪೆ ಮತ್ತು ದುಬೈಯನ್ನು ತೆಗೆದುಕೊಳ್ಳಿ. ಅಕ್ಷಾಂಶಗಳು 12.96 ಮತ್ತು 25.25, ರೇಖಾಂಶಗಳ ವ್ಯತ್ಯಾಸ 19.53 ಡಿಗ್ರಿ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ, 0.0957 ಬರುತ್ತದೆ. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ, 0.8307 ಬರುತ್ತದೆ. ಕೂಡಿಸಿದರೆ 0.9264. ಯಾವ ಕೋನದ ಕೊಸೈನ್ ಇದು ಎಂದು ನೋಡಿದರೆ ಸುಮಾರು 22.1 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ ಸರಾಸರಿ 111.2 ಕಿ.ಮೀ. ಗುಣಿಸಿದರೆ ಸುಮಾರು 2,460 ಕಿ.ಮೀ.

ಇನ್ನು ಸಮಯ. ಜೆಟ್ ವಿಮಾನ ಗಂಟೆಗೆ 820 ಕಿ.ಮೀ. ವೇಗದಲ್ಲಿ ಹೋದರೆ 3 ಗಂಟೆ. ಮೇಲೇರಲು, ಕೆಳಗಿಳಿಯಲು, ನಿಲ್ದಾಣದ ಸುತ್ತ ತಿರುಗಲು ಅರ್ಧ ಗಂಟೆ ಸೇರಿಸಿದರೆ ಮೂರೂವರೆ ಗಂಟೆ. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವುದರಿಂದ ಹೋಗುವಾಗ ತುಸು ಹೆಚ್ಚು, ಊರಿಗೆ ಬರುವಾಗ ತುಸು ಕಡಿಮೆ ಹೊತ್ತು ಹಿಡಿಯುತ್ತದೆ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಆದ್ದರಿಂದ ಬೆಳಗ್ಗೆ 9ಕ್ಕೆ ಬಜಪೆ ಬಿಟ್ಟವರು ಅಲ್ಲಿನ 11 ಗಂಟೆಗೆ ಇಳಿಯುತ್ತಾರೆ. ಎರಡೇ ಗಂಟೆಯಲ್ಲಿ ತಲುಪಿದ ಎಂದು ಮನೆಯಲ್ಲಿ ಅಜ್ಜಿ ಆಶ್ಚರ್ಯಪಟ್ಟರೆ ಈ ಲೆಕ್ಕ ಹೇಳಿಕೊಡಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ನಮ್ಮ ಉಡುಪಿ ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ 12 ಗಂಟೆ 31 ನಿಮಿಷ ಆಗಿರುತ್ತದೆ.

ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ವಿಚಿತ್ರ ಕಾಣುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 14,000 ಕಿ.ಮೀ. ಗೋಡೆಯ ಭೂಪಟದಲ್ಲಿ ಅದು ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುವ ದಾರಿ. ಗ್ಲೋಬಿನ ಮೇಲೆ ನೂಲು ಎಳೆದು ನೋಡಿದರೆ ಅದು ಉತ್ತರಕ್ಕೆ ಹತ್ತಿ ಧ್ರುವದ ಕಡೆಯಿಂದ ಇಳಿಯುತ್ತದೆ. 2021ರ ಜನವರಿಯಲ್ಲಿ ನಮ್ಮ ದೇಶದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದಲೇ ವಿಮಾನ ತಂದಿತು. ನಮ್ಮ ಶಾಲೆಯ ಹೆಣ್ಣುಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ.

ತಂಜಾವೂರಿನ ಆಘಾತ

ಮಂಗಳೂರಿನ ಕೆಲಸ ಮುಗಿದ ಮೇಲೆ ಲ್ಯಾಂಬ್ಟನ್ ದಕ್ಷಿಣ–ಉತ್ತರವಾಗಿ ಕನ್ಯಾಕುಮಾರಿಯಿಂದ ಮೇಲಕ್ಕೆ ಹೋಗುವ ದೊಡ್ಡ ಸಾಲನ್ನು ಕೈಗೆತ್ತಿಕೊಂಡರು. 1808ರಲ್ಲಿ ತಂಜಾವೂರಿನ ಬಯಲು ಸೀಮೆಯಲ್ಲಿ ಬೆಟ್ಟಗಳಿರಲಿಲ್ಲ. ಬೃಹದೀಶ್ವರ ದೇವಸ್ಥಾನದ ಎತ್ತರದ ಗೋಪುರಕ್ಕೆ ಥಿಯೊಡೊಲೈಟನ್ನು ಹಗ್ಗ ಕಟ್ಟಿ ಏರಿಸುವಾಗ ಹಗ್ಗ ತುಂಡಾಗಿ ಯಂತ್ರ ಗೋಪುರಕ್ಕೆ ಬಡಿಯಿತು. ಕೋನ ಅಳೆಯುವ ಅದರ ವೃತ್ತ ನಜ್ಜುಗುಜ್ಜಾಯಿತು. ಇನ್ನೊಂದನ್ನು ಲಂಡನ್ನಿನಿಂದ ತರಿಸುವುದೆಂದರೆ ವರ್ಷಗಳ ಮಾತು. ಲ್ಯಾಂಬ್ಟನ್ ಯಾರನ್ನೂ ಬೈಯಲಿಲ್ಲ. ಯಂತ್ರದೊಂದಿಗೆ ಡೇರೆಯ ಒಳಗೆ ಸೇರಿ, ವಾರಗಟ್ಟಲೆ ಕುಳಿತು, ಬಾಗಿದ ವೃತ್ತವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಳೆದು ಮೊದಲಿನ ಆಕಾರಕ್ಕೆ ತಂದರು. ಅದೇ ಯಂತ್ರದಿಂದ ಮತ್ತೆ ಕೆಲಸ ಮುಂದುವರಿಯಿತು. ನಮ್ಮ ಮಕ್ಕಳು ಕಂಪಾಸ್ ಪೆಟ್ಟಿಗೆ ಬಿದ್ದು ಮುರಿಯಿತೆಂದು ಲೆಕ್ಕವನ್ನೇ ಬಿಡುವಾಗ ನನಗೆ ಈ ಡೇರೆ ನೆನಪಾಗುತ್ತಿತ್ತು.

1818ರಲ್ಲಿ ಈ ಕೆಲಸಕ್ಕೆ ಭಾರತದ ಮಹಾ ತ್ರಿಕೋನಮಿತಿ ಸರ್ವೆ ಎಂಬ ಹೆಸರು ಬಂತು. ಅಷ್ಟರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತ್ತು. ಫ್ರೆಂಚ್ ವಿಜ್ಞಾನ ಅಕಾಡೆಮಿಯೂ ಗೌರವಿಸಿತ್ತು. ಅದೇ ವರ್ಷ ಅವರ ಕೈಕೆಳಗೆ ಜಾರ್ಜ್ ಎವರೆಸ್ಟ್ ಎಂಬ ಯುವಕ ಸಹಾಯಕನಾಗಿ ಬಂದ. ಲ್ಯಾಂಬ್ಟನ್ ಅವರಿಗೆ ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು. ಆದರೂ ಊರಿಗೆ ಮರಳುವ ಯೋಚನೆ ಮಾಡಲಿಲ್ಲ. ಹೈದರಾಬಾದಿನಿಂದ ನಾಗಪುರದ ಕಡೆಗೆ ಹೋಗುತ್ತಿದ್ದಾಗ, 1823ರ ಜನವರಿ 20ರಂದು ಇಂದಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ದಾರಿಯಲ್ಲೇ ತೀರಿಕೊಂಡರು. ಅಲ್ಲೇ ಅವರ ಸಮಾಧಿ ಇದೆ. ಅವರು ಮತ್ತು ಅವರ ತಂಡ ಅಳೆದ ನೆಲ 1,65,000 ಚದರ ಮೈಲಿಗೂ ಹೆಚ್ಚು.

ಮುಂದೆ ಎವರೆಸ್ಟ್ ಆ ಸಾಲನ್ನು ಹಿಮಾಲಯದ ಬುಡದವರೆಗೆ ಒಯ್ದರು. ರಾಧಾನಾಥ ಸಿಕ್ದಾರ್ ಎಂಬ ಬಂಗಾಳಿ ಗಣಿತಜ್ಞರ ಲೆಕ್ಕದಿಂದ ಜಗತ್ತಿನ ಅತಿ ಎತ್ತರದ ಶಿಖರ ಯಾವುದೆಂದು ತಿಳಿಯಿತು. ಶಿಖರಕ್ಕೆ ಎವರೆಸ್ಟ್ ಎಂದು ಹೆಸರಿಟ್ಟರು. ಮೊದಲ ಸರಪಳಿ ಹಾಕಿದ ಲ್ಯಾಂಬ್ಟನ್ ಅವರ ಹೆಸರು ಯಾವ ಶಿಖರಕ್ಕೂ ಬರಲಿಲ್ಲ.

ಲ್ಯಾಂಬ್ಟನ್ ಅವರ ಹೆಸರಾದರೂ ಪುಸ್ತಕಗಳಲ್ಲಿ ಇದೆ. ಅರ್ಧ ಟನ್ ಯಂತ್ರವನ್ನು ಬೆಟ್ಟದ ತುದಿಗೆ ಹೊತ್ತವರು, ಕಾಡು ಕಡಿದು ದೃಷ್ಟಿ ಬಿಡಿಸಿದವರು, ಮೈಲಿಗಳಾಚೆ ಗುಡ್ಡದ ಮೇಲೆ ಬಾವುಟ ಹಿಡಿದು ದಿನಗಟ್ಟಲೆ ನಿಂತವರು, ಜ್ವರ ಬಂದು ಅಲ್ಲೇ ಪ್ರಾಣ ಬಿಟ್ಟವರು – ಇವರೆಲ್ಲ ನಮ್ಮ ನಾಡಿನ ಬಡವರು. ಅವರು ಒಂದು ಬಾವುಟ ಅಲ್ಲಾಡಿಸಿದ್ದರೂ ಲೆಕ್ಕ ತಪ್ಪುತ್ತಿತ್ತು. ಕರ್ನಲ್ ಸಾಹೇಬರ ನಿಖರತೆಯಲ್ಲಿ ಅವರ ಪಾಲು ಸಣ್ಣದಲ್ಲ. ಒಂದು ಶಾಲೆ 50 ವರ್ಷ ನಿಲ್ಲುವುದರಲ್ಲೂ ಇಂಥವರ ಪಾಲೇ ಹೆಚ್ಚು. ಜಾಗ ಬಿಟ್ಟುಕೊಟ್ಟವರು, ಮಣ್ಣು ಹೊತ್ತವರು, ಬಿಸಿಯೂಟ ಬೇಯಿಸಿದವರು, ಮಳೆಗಾಲದಲ್ಲಿ ಮಕ್ಕಳನ್ನು ತೋಡು ದಾಟಿಸಿದವರು – ಎಲ್ಲರ ಹೆಸರೂ ಫಲಕದಲ್ಲಿ ಇರುವುದಿಲ್ಲ.

ಫೋನಿನಲ್ಲಿ ಕಾಣುವ ದೂರದ ಹಿಂದೆ ಇಂದು ಉಪಗ್ರಹಗಳಿವೆ. ಆದರೆ ಉಪಗ್ರಹವೂ ಮಾಡುವುದು ಗೊತ್ತಿರುವ ಜಾಗಗಳಿಂದ ಗೊತ್ತಿಲ್ಲದ ಜಾಗವನ್ನು ಲೆಕ್ಕ ಹಾಕುವ ಕೆಲಸವನ್ನೇ. ಆ ಲೆಕ್ಕವನ್ನು ಬರೆದವರು ನಮ್ಮಂಥ ಶಾಲೆಗಳಿಂದ ಬಂದವರೂ ಇರಬಹುದು. ಲೆಕ್ಕ ಗೊತ್ತಿದ್ದವನು ಫೋನನ್ನು ಬಳಸುತ್ತಾನೆ. ಗೊತ್ತಿಲ್ಲದವನು ಅದು ಹೇಳಿದ್ದನ್ನು ನಂಬುತ್ತಾನೆ. ಈ ವ್ಯತ್ಯಾಸಕ್ಕಾಗಿಯೇ ನಾವು ಸೈನ್, ಕೊಸೈನ್ ಕಲಿಸುತ್ತೇವೆ.

ಸುವರ್ಣ ಮಹೋತ್ಸವ ಸಮಿತಿಗೆ, ಹಳೆ ವಿದ್ಯಾರ್ಥಿಗಳಿಗೆ ನನ್ನದೊಂದು ವಿನಂತಿ ಇದೆ. ಶಾಲೆಯ ಆಟದ ಮೈದಾನದಲ್ಲಿ ಸರಿಯಾಗಿ 100 ಅಡಿ ಅಳೆದು ಎರಡು ತುದಿಗೂ ಒಂದೊಂದು ಕಲ್ಲು ನೆಡಿ. ಕಲ್ಲಿನ ಮೇಲೆ ಅಲ್ಲಿನ ಅಕ್ಷಾಂಶ, ರೇಖಾಂಶ ಕೆತ್ತಿಸಿ. ಪ್ರತಿ ವರ್ಷ ಹತ್ತನೆಯ ತರಗತಿಯ ಮಕ್ಕಳು ಆ ಗೆರೆಯಿಂದ ಮೈದಾನದ ಆಚೆಯ ತೆಂಗಿನ ಮರದ ದೂರವನ್ನು ಕೋನಗಳಿಂದ ಲೆಕ್ಕ ಹಾಕಲಿ. ಆಮೇಲೆ ಟೇಪು ಹಿಡಿದು ತಾಳೆ ನೋಡಲಿ. ದೊಡ್ಡ ಖರ್ಚಿನ ಕೆಲಸವಲ್ಲ. ಶತಮಾನೋತ್ಸವದ ಹೊತ್ತಿಗೆ ಈ ಮೈದಾನದಲ್ಲಿ ಐವತ್ತು ವರ್ಷಗಳ ಅಳತೆಯ ದಾಖಲೆ ಇರುತ್ತದೆ. ಅದನ್ನು ಅಂದಿನ ಮಕ್ಕಳು ಓದಲಿ ಎಂದು ಹಾರೈಸುತ್ತೇನೆ.